ಇಲ್ಲದ ಮೈಕ್ರೋಸ್ಕೋಪು, ಅರವತ್ತು ಕ್ಯಾರೆಟ್ ತಿಂದ ಮಗು

ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ. ಹೆಸರು ಕೇಳಿದರೇ ಒಂದು ಗತ್ತು! ಎಲ್ಲೋ ಎಸಿ ಕೋಣೆಯಲ್ಲಿ ಗುಂಯ್‌ಗುಡುತ್ತಾ ಕೂತ ಕೋಟಿ ಬೆಲೆಯ ಯಂತ್ರವೊಂದು ಕಣ್ಣಮುಂದೆ ಬರುತ್ತದೆ. ಹೆಸರಾಂತ ಪ್ರಕಾಶಕರ ವಿಜ್ಞಾನ ಪತ್ರಿಕೆಗಳಲ್ಲೂ ಅದರ ಉಲ್ಲೇಖವಿದೆ. ಬರೆದವರು ವಿಜ್ಞಾನಿಗಳು, ಓದಿ ಒಪ್ಪಿದವರು ವಿಜ್ಞಾನಿಗಳು, ಅಚ್ಚು ಹಾಕಿದವರು ಅನುಭವಿಗಳು. ಎಲ್ಲ ಸರಿ. ಒಂದೇ ಒಂದು ತೊಂದರೆ: ಅಂಥ ಮೈಕ್ರೋಸ್ಕೋಪು ಈ ಭೂಮಿಯ ಮೇಲೆ ಇಲ್ಲ. ಹಿಂದೆಯೂ ಇರಲಿಲ್ಲ!

ಹಾಗಾದರೆ ಆ ಹೆಸರು ಹುಟ್ಟಿದ್ದಾದರೂ ಎಲ್ಲಿ? ಹುಡುಕುತ್ತಾ ಹೋದವರು ಬಂದು ನಿಂತದ್ದು 1959ರಲ್ಲಿ. ಅಮೆರಿಕದ 'ಬ್ಯಾಕ್ಟೀರಿಯಾಲಜಿಕಲ್ ರಿವ್ಯೂಸ್' ಪತ್ರಿಕೆಯ ಒಂದು ಲೇಖನ. ಪುಟಕ್ಕೆ ಎರಡು ಕಾಲಂ. ಎಡಗಡೆಯ ಕಾಲಮ್ಮಿನ ಒಂದು ಸಾಲಿನಲ್ಲಿ 'ವೆಜಿಟೇಟಿವ್' ಎಂಬ ಪದ. ಬೀಜಕವಾಗಿ ಮುದುಡಿಕೊಳ್ಳದೆ ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಕೋಶಕ್ಕೆ ಹಾಗನ್ನುತ್ತಾರೆ. ಬಲಗಡೆಯ ಕಾಲಮ್ಮಿನಲ್ಲಿ, ಸರಿಯಾಗಿ ಅದೇ ಎತ್ತರದಲ್ಲಿ, 'ಎಲೆಕ್ಟ್ರಾನ್ ಮೈಕ್ರೋಸ್ಕೋಪಿ'. ನಡುವೆ ಬೆರಳಗಲದ ಖಾಲಿ ಜಾಗ. ದಶಕಗಳ ನಂತರ ಹಳೆಯ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಅಕ್ಷರಗಳಾಗಿ ಪರಿವರ್ತಿಸಿದ ಕಂಪ್ಯೂಟರಿಗೆ ಆ ಖಾಲಿ ಜಾಗ ಕಾಣಿಸಲಿಲ್ಲ. ಎಡದಿಂದ ಬಲಕ್ಕೆ ಸೀದಾ ಓದಿಕೊಂಡು ಹೋಯಿತು. ಎಂದೂ ಮುಖ ನೋಡದ ಎರಡು ಪದಗಳಿಗೆ ಮದುವೆಯಾಯಿತು!

ಕತೆ ಇಲ್ಲಿಗೇ ಮುಗಿದಿದ್ದರೆ ಅದೊಂದು ತಮಾಷೆ, ಅಷ್ಟೆ. ಆದರೆ ಈಚಿನ ವರ್ಷಗಳ ಹಲವು ಪ್ರಬಂಧಗಳಲ್ಲಿ ಇದೇ ಹೆಸರು ಕಾಣಿಸಿಕೊಂಡಿತು, ಅವುಗಳಲ್ಲಿ ಹಲವು ಬಂದದ್ದು ಇರಾನಿನಿಂದ. ಇರಾನೇ ಯಾಕೆ? ಫಾರ್ಸಿ ಲಿಪಿಯನ್ನು ನೋಡಿ. ಸ್ಕ್ಯಾನಿಂಗ್ ಎಂಬುದಕ್ಕೆ ಅಲ್ಲಿ 'ರೂಬೆಶಿ', ಸಸ್ಯದಂತೆ ಬೆಳೆಯುವುದಕ್ಕೆ 'ರೂಯೆಶಿ'. ಬರವಣಿಗೆಯಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ಚುಕ್ಕೆ. ನಡುವಿನ ಅಕ್ಷರದ ಕೆಳಗೆ ಒಂದು ಚುಕ್ಕೆಯಿದ್ದರೆ ಸ್ಕ್ಯಾನಿಂಗ್, ಎರಡಿದ್ದರೆ ವೆಜಿಟೇಟಿವ್! ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪು ಜಗತ್ತಿನ ಸಾವಿರಾರು ಪ್ರಯೋಗಾಲಯಗಳಲ್ಲಿದೆ. ಅನುವಾದದ ದಾರಿಯಲ್ಲಿ ಎಲ್ಲೋ ಒಂದು ಚುಕ್ಕೆ ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ಇಲ್ಲದ ಯಂತ್ರ ಹುಟ್ಟಿಬಿಡುತ್ತದೆ. ಇನ್ನೂ ಇದೆ. 2025ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ದೊಡ್ಡ ಭಾಷಾ ಮಾದರಿಗಳ ಮುಂದೆ ಆ ಹಳೆಯ ಲೇಖನದ ತುಣುಕನ್ನಿಟ್ಟು 'ಮುಂದುವರಿಸು' ಎಂದರು. ಜಿಪಿಟಿ-3 ಮತ್ತು ಅದರ ನಂತರದ ಮಾದರಿಗಳು ಇಲ್ಲದ ಮೈಕ್ರೋಸ್ಕೋಪಿನ ಹೆಸರನ್ನು ತಾವಾಗಿಯೇ ಬರೆದುಕೊಟ್ಟವು. ಅದಕ್ಕೂ ಹಿಂದಿನ ಮಾದರಿಗಳು ಬರೆಯಲಿಲ್ಲ. ಅಂತರ್ಜಾಲವನ್ನು ಗುಡಿಸಿ ಕೂಡಿಸಿದ ಪಠ್ಯರಾಶಿಯೊಳಗೆ 1959ರ ಆ ಪುಟ ಪಳೆಯುಳಿಕೆಯಾಗಿ ಸೇರಿಕೊಂಡುಬಿಟ್ಟಿತ್ತು!

ಇಂಥದ್ದನ್ನು ಹಿಡಿಯುವುದು ಹೇಗೆ? ಪ್ರಕಟವಾದ ಪ್ರಬಂಧಗಳು ಕೋಟಿಗಟ್ಟಲೆ ಇವೆ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅವುಗಳ ಶೀರ್ಷಿಕೆಗಳನ್ನು ಓದಿ ಮುಗಿಸುವುದೂ ಆಗದ ಮಾತು. ಅದಕ್ಕೆಂದೇ ಈಗ ಒಂದು ಹೊಸ ಜಾತಿಯ ತಂತ್ರಾಂಶಗಳು ಹುಟ್ಟಿಕೊಂಡಿವೆ. ವಿಜ್ಞಾನದ ಹಸ್ತಪ್ರತಿಗಳನ್ನು ಅಚ್ಚಿಗೆ ಮೊದಲೋ ಆಮೇಲೋ ತಪಾಸಣೆ ಮಾಡುವುದಷ್ಟೇ ಅವುಗಳ ಕಸುಬು. ನನ್ನನ್ನು ಬೆರಗಾಗಿಸಿದ್ದು ಅವುಗಳ ಜಾಣತನವಲ್ಲ. ಅವುಗಳಲ್ಲಿ ಬಹುತೇಕಕ್ಕೆ ವಿಜ್ಞಾನದ ಗಂಧಗಾಳಿಯೂ ಇಲ್ಲ! ಒಂದಕ್ಕೆ ಬರುವುದು ಭಾಗಾಕಾರ ಮಾತ್ರ. ಇನ್ನೊಂದಕ್ಕೆ ಗೊತ್ತಿರುವುದು ವಿಚಿತ್ರ ಪದಗಳ ಒಂದು ಪಟ್ಟಿ. ಮತ್ತೊಂದಕ್ಕೆ ತಾರೀಖು ಹೇಗಿರುತ್ತದೆಂದು ಗೊತ್ತು, ಅಷ್ಟೆ. ಇಷ್ಟು ಚಿಕ್ಕ ಬಂಡವಾಳ ಇಟ್ಟುಕೊಂಡು ಅವು ಎಂತೆಂಥ ದೊಡ್ಡ ಪತ್ರಿಕೆಗಳ ಕಣ್ಣು ತಪ್ಪಿಸಿದ್ದನ್ನು ಹಿಡಿದಿವೆ ಎಂದರೆ!

ಮೊದಲು ಆ ವಿಚಿತ್ರ ಪದಗಳು. ಫ್ರಾನ್ಸಿನ ತುಲೂಸ್‌ನಲ್ಲಿ ಗಿಯೋಮ್ ಕಬನಾಕ್ ಎಂಬ ಕಂಪ್ಯೂಟರ್ ವಿಜ್ಞಾನಿ ಇದ್ದಾರೆ. ಗ್ರನೋಬಲ್‌ನ ಸಿರಿಲ್ ಲಾಬ್ಬೆ, ರಷ್ಯಾದ ಅಲೆಕ್ಸಾಂಡರ್ ಮಗಜಿನೋವ್ ಜೊತೆ ಸೇರಿ 2021ರಲ್ಲಿ ಅವರೊಂದು ವರದಿ ಹೊರತಂದರು. ಕಂಪ್ಯೂಟರ್ ವಿಜ್ಞಾನದ ಪ್ರಬಂಧಗಳಲ್ಲಿ ಅವರಿಗೆ ಸಿಕ್ಕ ಮಾತುಗಳು ಹೀಗಿದ್ದವು: 'ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್', ಅಂದರೆ ಖೋಟಾ ಪ್ರಜ್ಞೆ. ಏನದು? ತಲೆ ಕೆರೆದುಕೊಂಡು ನೋಡಿದರೆ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್! 'ಬೂಸಮ್ ಪೆರಿಲ್', ಎದೆಯ ಗಂಡಾಂತರ: ಸ್ತನ ಕ್ಯಾನ್ಸರ್. ಬಿಗ್ ಡೇಟಾ ಹೋಗಿ 'ಕೊಲೋಸಲ್ ಇನ್‌ಫರ್ಮೇಶನ್' ಆಗಿದೆ. ಸಿಗ್ನಲ್‌ಗೂ ನಾಯ್ಸ್‌ಗೂ ಇರುವ ಅನುಪಾತ 'ಬಾವುಟಕ್ಕೂ ಗದ್ದಲಕ್ಕೂ' ಇರುವ ಅನುಪಾತವಾಗಿದೆ. ಆಮೇಲೆ ವೈದ್ಯಕೀಯಕ್ಕೆ ಬಂದರೆ ಕಿಡ್ನಿ ಫೇಲ್ಯೂರ್ ಎಂಬುದು 'ಕಿಡ್ನಿ ಡಿಸಪಾಯಿಂಟ್‌ಮೆಂಟ್'. ಪಾಪ, ಕಿಡ್ನಿಗೆ ನಿರಾಸೆ!

ಇದನ್ನು ಯಾರೂ ಕುಚೋದ್ಯಕ್ಕೆ ಬರೆದದ್ದಲ್ಲ. ಬೇರೆಯವರ ಬರಹವನ್ನು ಎತ್ತಿಕೊಂಡು, ಪದಕ್ಕೆ ಪದ ಬದಲಿಸುವ ತಂತ್ರಾಂಶದೊಳಗೆ ಹಾಕಿ ತಿರುವಿದಾಗ ಉದುರುವ ಹಿಟ್ಟು ಇದು. ಯಾಕೆ ತಿರುವಬೇಕು ಎಂದು ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಂದಿಗೆ ಪ್ರಬಂಧದ ಹೋಲಿಕೆ ಶೇಕಡಾ 10ರೊಳಗಿದ್ದರೆ ದಂಡವಿಲ್ಲ. ಅದನ್ನು ಮೀರಿದರೆ 40ರವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, ಅದರಾಚೆ ನೋಂದಣಿಯೇ ರದ್ದು. ಧಾರವಾಡವಿರಲಿ ಮಂಗಳೂರಿರಲಿ, ಪ್ರಬಂಧ ಸಲ್ಲಿಸುವ ಹೊತ್ತಿಗೆ 'ಎಷ್ಟು ಪರ್ಸೆಂಟ್ ಬಂತು?' ಎಂಬುದೇ ಕ್ಯಾಂಟೀನಿನ ಕುಶಲಪ್ರಶ್ನೆ. ಹೋಲಿಕೆ ಅಳೆಯುವ ಯಂತ್ರ ಪದಗಳ ಸಾಲನ್ನು ಹೋಲಿಸುತ್ತದೆ. ಪದ ಬದಲಾದರೆ ಶೇಕಡಾವಾರು ಇಳಿಯುತ್ತದೆ. ಅಂದರೆ ಒಂದು ಯಂತ್ರದ ಕಣ್ಣಿಗೆ ಮಣ್ಣೆರಚಲು ಇನ್ನೊಂದು ಯಂತ್ರ ಬಂತು. ಆ ಎರಡನೆಯದನ್ನು ಹಿಡಿಯಲು ಕಬನಾಕ್‌ರ ಮೂರನೆಯ ಯಂತ್ರ! 'ಪ್ರಾಬ್ಲೆಮ್ಯಾಟಿಕ್ ಪೇಪರ್ ಸ್ಕ್ರೀನರ್' ಎಂದು ಅದರ ಹೆಸರು. ಪ್ರಕಟಿತ ಸಾಹಿತ್ಯವನ್ನೆಲ್ಲ ಮತ್ತೆ ಮತ್ತೆ ಜಾಲಾಡುತ್ತದೆ. ಪಟ್ಟಿಯಲ್ಲಿರುವ ವಿಕಾರ ನುಡಿಗಟ್ಟುಗಳು ಸಿಕ್ಕ ಪ್ರಬಂಧಗಳನ್ನು ಎತ್ತಿ ಪಕ್ಕಕ್ಕಿಡುತ್ತದೆ. ಆಮೇಲೆ ಮನುಷ್ಯರು ಕೂತು ಒಂದೊಂದನ್ನೇ ಓದಿ ನೋಡುತ್ತಾರೆ.

ಲಾಬ್ಬೆಯವರ ಹಿಂದಿನ ಕಿತಾಪತಿಯನ್ನು ಹೇಳದೆ ಮುಂದೆ ಹೋಗಲಾರೆ. 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು 'ಸೈಜೆನ್' ಎಂಬ ಆಟದ ತಂತ್ರಾಂಶ ಬರೆದಿದ್ದರು. ಗುಂಡಿ ಒತ್ತಿದರೆ ಗ್ರಾಫು, ಉಲ್ಲೇಖ, ಉಪಸಂಹಾರ ಸಮೇತ ಅರ್ಥವಿಲ್ಲದ ಕಂಪ್ಯೂಟರ್ ವಿಜ್ಞಾನದ ಪ್ರಬಂಧ ಸಿದ್ಧ. ಅಂಥದ್ದೊಂದು ಸಮ್ಮೇಳನಕ್ಕೆ ಆಯ್ಕೆಯೂ ಆಯಿತು! 2010ರಲ್ಲಿ ಲಾಬ್ಬೆ ಅದೇ ತಂತ್ರಾಂಶದಿಂದ ನೂರರಷ್ಟು ಪ್ರಬಂಧಗಳನ್ನು ಮಾಡಿಸಿ, ಒಂದು ಇನ್ನೊಂದನ್ನು ಉಲ್ಲೇಖಿಸುವಂತೆ ಹೆಣೆದು, 'ಐಕ್ ಆಂಟ್‌ಕೇರ್' ಎಂಬ ಇಲ್ಲದ ವಿಜ್ಞಾನಿಯ ಹೆಸರಲ್ಲಿ ಬಿಟ್ಟರು. ಗೂಗಲ್ ಸ್ಕಾಲರ್ ಅದನ್ನೆಲ್ಲ ನಂಬಿತು. ಉಲ್ಲೇಖಗಳ ಲೆಕ್ಕದಲ್ಲಿ ಐಕ್ ಮಹಾಶಯ ಐನ್‌ಸ್ಟೈನ್‌ರನ್ನೇ ಹಿಂದೆ ಹಾಕಿದ! ಆಟ ಆಡುತ್ತಲೇ ಲಾಬ್ಬೆ ಸೈಜೆನ್ನಿನ ಬರಹವನ್ನು ಗುರುತಿಸುವ ವಿಧಾನವನ್ನೂ ರೂಪಿಸಿದರು. 2014ರಲ್ಲಿ ಅದನ್ನು ನಿಜವಾದ ಪ್ರಕಟಣೆಗಳ ಮೇಲೆ ಓಡಿಸಿದರೆ ಐಟ್ರಿಪಲ್‌ಇ ಮತ್ತು ಸ್ಪ್ರಿಂಗರ್ ಸಂಸ್ಥೆಗಳ ಸಂಗ್ರಹದಲ್ಲಿ 120ಕ್ಕೂ ಹೆಚ್ಚು ಸೈಜೆನ್ ಕೂಸುಗಳು ಸಿಕ್ಕವು. ಯಾರೋ ಆ ಆಟಿಕೆಯನ್ನು ಬಳಸಿ ಬಯೋಡೇಟಾ ಬೆಳೆಸಿಕೊಂಡಿದ್ದರು.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದಕ್ಕೆ ಬರುತ್ತೇನೆ. ಕೈಯಲ್ಲೊಂದು ಪೆನ್ಸಿಲ್ ಇಟ್ಟುಕೊಳ್ಳಿ. ಐದನೇ ಕ್ಲಾಸಿನ ಗಣಿತ ಸಾಕು.

ಒಂದು ಅಧ್ಯಯನದಲ್ಲಿ 17 ಜನ ವಿದ್ಯಾರ್ಥಿಗಳು. 'ನಿಮಗೆ ಎಷ್ಟು ಸಂತೋಷ?' ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ 1ರಿಂದ 7ರೊಳಗಿನ ಒಂದು ಪೂರ್ಣಾಂಕ ಕೊಡಬೇಕು. ಪ್ರಬಂಧದಲ್ಲಿ ಬರೆದಿರುತ್ತದೆ: ಸರಾಸರಿ 4.31. ಓದುವ ಯಾರೂ ಅಲ್ಲಿ ಕಣ್ಣು ನಿಲ್ಲಿಸುವುದಿಲ್ಲ. ಆದರೆ ಸ್ವಲ್ಪ ನಿಲ್ಲಿ! ಪೂರ್ಣಾಂಕಗಳನ್ನು ಕೂಡಿದರೆ ಬರುವುದೂ ಪೂರ್ಣಾಂಕವೇ. ಮೊತ್ತ 73 ಆಗಿದ್ದರೆ, ಅದನ್ನು 17ರಿಂದ ಭಾಗಿಸಿದಾಗ 4.29. ಮೊತ್ತ 74 ಆದರೆ 4.35. 73ಕ್ಕೂ 74ಕ್ಕೂ ನಡುವೆ ಏನೂ ಇಲ್ಲ. ಆದ್ದರಿಂದ 4.29ಕ್ಕೂ 4.35ಕ್ಕೂ ನಡುವೆಯೂ ಏನೂ ಇರಲು ಸಾಧ್ಯವಿಲ್ಲ! 4.31 ಎಂಬ ಸರಾಸರಿ 17 ಜನರಿಂದ ಹುಟ್ಟಲಾರದು. ಆ ವಿದ್ಯಾರ್ಥಿಗಳು ಯಾರು, ಯಾವ ದೇಶದವರು, ಸಂತೋಷ ಎಂದರೇನು, ಯಾವುದೂ ಬೇಕಿಲ್ಲ. ಬಸ್ಸಿನಲ್ಲಿ ಎಲ್ಲ ಟಿಕೆಟ್ಟೂ 7 ರೂಪಾಯಿಯದೇ ಆಗಿದ್ದು ಕಂಡಕ್ಟರ್ ನೂರು ರೂಪಾಯಿ ಕಲೆಕ್ಷನ್ ತೋರಿಸಿದರೆ, ತಪಾಸಣೆಯವರು ಬಸ್ ಹತ್ತುವುದೇ ಬೇಡವಲ್ಲ, ಹಾಗೆ.

ಇದಕ್ಕೆ 'ಗ್ರಿಮ್' ಪರೀಕ್ಷೆ ಎಂದು ಹೆಸರು. 2016ರಲ್ಲಿ ಇದನ್ನು ಮುಂದಿಟ್ಟವರು ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್. ಬ್ರೌನ್ ಅವರ ಕತೆಯೇ ಒಂದು ಸೋಜಿಗ. ಬಹುಕಾಲ ಕಂಪ್ಯೂಟರ್ ವಿಭಾಗಗಳಲ್ಲಿ ದುಡಿದು, ಐವತ್ತು ದಾಟಿದ ಮೇಲೆ ಮನಃಶಾಸ್ತ್ರ ಕಲಿಯಲು ಸ್ನಾತಕೋತ್ತರ ತರಗತಿಗೆ ಸೇರಿದವರು. ಅಲ್ಲಿ ಪಾಠವಾಗಿ ಬಂದ ಒಂದು ಪ್ರಸಿದ್ಧ ಪ್ರಬಂಧ ಮನುಷ್ಯನ ನೆಮ್ಮದಿಗೆ ಬೇಕಾದ ಸಕಾರಾತ್ಮಕ ಭಾವನೆಗಳ ಅನುಪಾತ 2.9013 ಎಂದು ನಾಲ್ಕು ದಶಮಾಂಶದವರೆಗೆ ಹೇಳುತ್ತಿತ್ತು. 'ಇದೆಂಥದು?' ಎಂದು ಕೆದಕಿದ ಈ ಹಿರಿಯ ವಿದ್ಯಾರ್ಥಿ, ಭೌತವಿಜ್ಞಾನಿ ಅಲನ್ ಸೋಕಲ್ ಮತ್ತು ಮನಃಶಾಸ್ತ್ರಜ್ಞ ಹ್ಯಾರಿಸ್ ಫ್ರೀಡ್‌ಮನ್ ಜೊತೆ ಸೇರಿ 2013ರಲ್ಲಿ ಆ ಗಣಿತವನ್ನು ಕೆಡವಿಹಾಕಿದರು. ಅಂಥವರಿಗೆ ಗ್ರಿಮ್ ಹೊಳೆದದ್ದರಲ್ಲಿ ಆಶ್ಚರ್ಯವೇನಿದೆ!

ಬ್ರೌನ್ ಮತ್ತು ಹೀದರ್ಸ್ ಮನಃಶಾಸ್ತ್ರದ 260 ಪ್ರಬಂಧಗಳನ್ನು ತೆಗೆದುಕೊಂಡರು. ಈ ಪರೀಕ್ಷೆಗೆ ಒಗ್ಗುವಂತಿದ್ದವು 71. ಜನ ನೂರರ ಆಸುಪಾಸಿಗೆ ಬಂದರೆ ಎರಡು ದಶಮಾಂಶದ ಸರಾಸರಿಯಲ್ಲಿ ಈ ಆಟ ನಡೆಯದು. ಸಂಖ್ಯೆಗಳ ನಡುವಿನ ಕಂದರಗಳು ಮುಚ್ಚಿಹೋಗುತ್ತವೆ. ಒಗ್ಗಿದ 71ರಲ್ಲಿ ಅರ್ಧದಷ್ಟರಲ್ಲಿ ಕನಿಷ್ಠ ಒಂದಾದರೂ ಅಸಾಧ್ಯ ಸರಾಸರಿ ಇತ್ತು. ಅರ್ಧ! ಅಚ್ಚಾಗುವ ಮುನ್ನ ಪರಿಣತರು ಓದಿ ಒಪ್ಪಿದ್ದ ಪ್ರಬಂಧಗಳಿವು.

ಮುಂದಿನ ಹೆಜ್ಜೆ ಇನ್ನೂ ಮೋಜಿನದು. ಸರಾಸರಿ, ಜನರ ಸಂಖ್ಯೆ, ಸಂಖ್ಯೆಗಳು ಎಷ್ಟು ಚದುರಿವೆ ಎಂಬ ಅಳತೆ, ಇಷ್ಟೇ ಕೊಟ್ಟರೆ ಸಾಕು, ಮೂಲ ದತ್ತಾಂಶ ಹೇಗಿದ್ದಿರಬಹುದು ಎಂದು ಹಿಮ್ಮುಖವಾಗಿ ಕಟ್ಟಿತೋರಿಸುವ 'ಸ್ಪ್ರೈಟ್' ಎಂಬ ವಿಧಾನವೂ ಬಂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬ್ರಯನ್ ವಾನ್‌ಸಿಂಕ್ ಎಂಬ ಖ್ಯಾತ ಆಹಾರ ಸಂಶೋಧಕರಿದ್ದರು. ಶಾಲಾಮಕ್ಕಳು ಎಷ್ಟು ಕ್ಯಾರೆಟ್ ತಿಂದರು ಎಂಬ ಅವರ ಅಧ್ಯಯನದ ಅಂಕಿಗಳನ್ನು ಹೀದರ್ಸ್ ಸ್ಪ್ರೈಟಿಗೆ ಉಣಿಸಿದರು. ಉತ್ತರ: ಈ ಅಂಕಿಗಳು ನಿಜವಾಗಬೇಕಾದರೆ ಯಾವುದೋ ಒಂದು ಮಗು ಒಂದೇ ಊಟಕ್ಕೆ ಸುಮಾರು 60 ಕ್ಯಾರೆಟ್ ತಿಂದಿರಬೇಕು! ಕುದುರೆಗೂ ಅಜೀರ್ಣವಾಗುವ ಊಟ. ಅದೇ ಪ್ರಯೋಗಾಲಯದ, ಪಿಜ್ಜಾ ಊಟದ ಬಗೆಗಿನ ನಾಲ್ಕು ಪ್ರಬಂಧಗಳಲ್ಲಿ ಬ್ರೌನ್ ಮತ್ತು ಇಬ್ಬರು ಸಂಗಡಿಗರು 2017ರಲ್ಲಿ 150ರಷ್ಟು ತಾಳೆಯಾಗದ ಅಂಕಿಗಳನ್ನು ಪಟ್ಟಿ ಮಾಡಿದರು. ಎಂಟರಿಂದ ಹನ್ನೊಂದು ವರ್ಷದ ಮಕ್ಕಳೆಂದು ಬರೆದಿದ್ದ ಮತ್ತೊಂದು ಅಧ್ಯಯನದಲ್ಲಿ ಇದ್ದವರು ಮೂರರಿಂದ ಐದರ ಪುಟಾಣಿಗಳು ಎಂದು ಗೊತ್ತಾಯಿತು. ಸಾಲುಸಾಲಾಗಿ ಪ್ರಬಂಧಗಳು ಹಿಂದಕ್ಕೆ ಹೋದವು. ವಿಶ್ವವಿದ್ಯಾಲಯ ವಿಚಾರಣೆ ನಡೆಸಿ ಶೈಕ್ಷಣಿಕ ದುರ್ನಡತೆ ಎಂದಿತು, ವಾನ್‌ಸಿಂಕ್ 2018ರಲ್ಲಿ ರಾಜೀನಾಮೆ ಕೊಟ್ಟರು.

ಗ್ರಿಮ್‌ಗೆ ಒಬ್ಬ ಅಣ್ಣನಿದ್ದಾನೆ, ಸ್ಟ್ಯಾಟ್‌ಚೆಕ್. ನೆದರ್ಲೆಂಡ್ಸಿನ ಮಿಷೆಲ್ ನೌಟೆನ್ ಮತ್ತು ಸಾಶಾ ಎಪ್ಸ್‌ಕಾಂಪ್ ಬರೆದದ್ದು. ಮನಃಶಾಸ್ತ್ರದ ಪ್ರಬಂಧಗಳಲ್ಲಿ ಮೂರು ಅಂಕಿಗಳು ಜೊತೆಯಾಗಿ ಬರುತ್ತವೆ, ಎರಡು ಗೊತ್ತಿದ್ದರೆ ಮೂರನೆಯದನ್ನು ಲೆಕ್ಕ ಹಾಕಬಹುದು. ಸ್ಟ್ಯಾಟ್‌ಚೆಕ್ ಅದನ್ನೇ ಮಾಡುತ್ತದೆ. 1985ರಿಂದ 2013ರವರೆಗಿನ ಎಂಟು ಪತ್ರಿಕೆಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು ಅದು ಜಾಲಾಡಿತು. ಅರ್ಧದಷ್ಟು ಪ್ರಬಂಧಗಳಲ್ಲಿ ಒಂದಾದರೂ ತಪ್ಪು. ಎಂಟರಲ್ಲೊಂದರಲ್ಲಿ ತೀರ್ಮಾನವನ್ನೇ ಬುಡಮೇಲು ಮಾಡಬಲ್ಲ ತಪ್ಪು. 2016ರಲ್ಲಿ ಇನ್ನೊಬ್ಬ ಡಚ್ ಸಂಶೋಧಕ ಅದನ್ನು 50,000 ಪ್ರಬಂಧಗಳ ಮೇಲೆ ಓಡಿಸಿ ಫಲಿತಾಂಶಗಳನ್ನೆಲ್ಲ ಸಾರ್ವಜನಿಕವಾಗಿ ಹಾಕಿಬಿಟ್ಟ. ತಪ್ಪಿಲ್ಲದವರಿಗೂ 'ನಿಮ್ಮಲ್ಲಿ ತಪ್ಪಿಲ್ಲ' ಎಂಬ ವರದಿ! ಜರ್ಮನಿಯ ಮನಃಶಾಸ್ತ್ರ ಸಂಘ ಕೆರಳಿತು. ಕೇಳದೆ ಮನೆಗೆ ಬಂದು ಲೆಕ್ಕ ನೋಡುವ ಹಕ್ಕು ಕೊಟ್ಟವರಾರು ಎಂಬ ಧಾಟಿ. ನನಗಂತೂ ಆ ಸಿಟ್ಟು ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪ್ರಕಟಿಸಿದ ಮೇಲೆ ಅದು ಮನೆಯಲ್ಲ, ರಸ್ತೆ.

ಇನ್ನು ತಾರೀಖಿನ ಕತೆ. ಮನುಷ್ಯನ ಜೀನುಗಳಲ್ಲಿ 'ಸೆಪ್ಟ್2' ಎಂಬುದೊಂದಿದೆ, 'ಮಾರ್ಚ್1' ಎಂಬುದೊಂದಿದೆ. ಇವನ್ನು ಎಕ್ಸೆಲ್ಲಿನಲ್ಲಿ ಟೈಪಿಸಿ ನೋಡಿ. ಎಕ್ಸೆಲ್ ಮುಗುಳ್ನಕ್ಕು ಸೆಪ್ಟೆಂಬರ್ 2, ಮಾರ್ಚ್ 1 ಎಂದು ತಿದ್ದುತ್ತದೆ! 2016ರಲ್ಲಿ ಆಸ್ಟ್ರೇಲಿಯಾದ ಮಾರ್ಕ್ ಜೀಮನ್ ಮತ್ತು ಸಂಗಡಿಗರು ಸ್ವಯಂಚಾಲಿತ ಜಾಲಾಟ ನಡೆಸಿದರು. ಜೀನುಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಲಗತ್ತಿಸಿದ 3,597 ಪ್ರಬಂಧಗಳಲ್ಲಿ ಐದನೇ ಒಂದು ಭಾಗದ ಪಟ್ಟಿಗಳಲ್ಲಿ ಕ್ಯಾಲೆಂಡರ್ ನುಸುಳಿತ್ತು. ಎಚ್ಚರಿಸಿದರೂ ಗುಣವಾಗಲಿಲ್ಲ. ಕೊನೆಗೆ ಏನಾಯಿತು ಗೊತ್ತೇ? 2020ರಲ್ಲಿ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಸೋಲೊಪ್ಪಿ ಜೀನುಗಳ ಹೆಸರನ್ನೇ ಬದಲಿಸಿತು! ಸೆಪ್ಟ್2 ಈಗ ಸೆಪ್ಟಿನ್2. ಮಾರ್ಚ್1 ಈಗ ಮಾರ್ಚ್‌ಎಫ್1. ಕೋಟಿ ವರ್ಷಗಳ ವಿಕಾಸದಿಂದ ಬಂದ ಜೀನು ಒಂದು ಸ್ಪ್ರೆಡ್‌ಶೀಟಿಗೆ ದಾರಿ ಬಿಟ್ಟುಕೊಟ್ಟಿತು.

ಸಿಡ್ನಿಯ ಜೆನಿಫರ್ ಬರ್ನ್ ಕ್ಯಾನ್ಸರ್ ಜೀನುಗಳ ಸಂಶೋಧಕಿ. ತಾವೇ ಹಿಂದೆ ಕೆಲಸ ಮಾಡಿದ್ದ ಜೀನುಗಳ ಬಳಗದ ಬಗ್ಗೆ ಹಠಾತ್ತನೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಪ್ರಬಂಧಗಳು ಬರತೊಡಗಿದ್ದು ಅವರ ಕಣ್ಣಿಗೆ ಬಿತ್ತು. ಇಂಥ ಪ್ರಯೋಗಗಳಲ್ಲಿ ಒಂದು ಜೀನನ್ನು ಸುಮ್ಮನಾಗಿಸಲು ಇಪ್ಪತ್ತರ ಆಸುಪಾಸಿನ ಅಕ್ಷರಗಳ ಒಂದು ಸರಣಿ ಬಳಸುತ್ತಾರೆ, ಎ-ಸಿ-ಜಿ-ಟಿಗಳ ಸಾಲು. ಪ್ರಬಂಧ ಹೇಳುವ ಜೀನಿಗೂ ಅಲ್ಲಿ ಕೊಟ್ಟ ಸರಣಿಗೂ ಸಂಬಂಧವೇ ಇಲ್ಲದಿದ್ದರೆ? ಪರೀಕ್ಷಕರು ಆ ಅಕ್ಷರಗಳನ್ನು ಒಂದೊಂದಾಗಿ ನೋಡುವರೇ? ಇಲ್ಲ. ಆದರೆ ಯಂತ್ರ ನೋಡುತ್ತದೆ! ನಮ್ಮ ಅದೇ ಲಾಬ್ಬೆ ಜೊತೆ ಸೇರಿ ಅವರು 'ಸೀಕ್ ಅಂಡ್ ಬ್ಲಾಸ್ಟ್ಎನ್' ಕಟ್ಟಿದರು. ಪ್ರಬಂಧದಿಂದ ಸರಣಿಯನ್ನು ಹೆಕ್ಕಿ, ಜೀನುಗಳ ಸಾರ್ವಜನಿಕ ಭಂಡಾರದಲ್ಲಿ ಹುಡುಕಿ, 'ನೀವು ಹೇಳಿದ್ದು ಇದಲ್ಲ' ಎನ್ನುತ್ತದೆ. ಮುಂದೆ ಸುಮಾರು 11,800 ಪ್ರಬಂಧಗಳ ಜರಡಿಯಲ್ಲಿ 712 ಸಿಕ್ಕಿಬಿದ್ದವು. ಹಣ ಕೊಟ್ಟವರಿಗೆ ಪ್ರಬಂಧ ತಯಾರಿಸಿಕೊಡುವ ಕಾರ್ಖಾನೆಗಳಿವೆ ಎಂಬ ಗುಸುಗುಸುವಿಗೆ ಪುಟಪುಟವಾಗಿ ಪುರಾವೆ ಸೇರುತ್ತಾ ಹೋಯಿತು.

ಚಿತ್ರಗಳ ಮಾತು ಬಂದರೆ ಯಂತ್ರಕ್ಕಿಂತ ಮೊದಲು ಒಬ್ಬ ಹೆಣ್ಣುಮಗಳಿಗೆ ಕೈಮುಗಿಯಬೇಕು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಡಚ್ ಸೂಕ್ಷ್ಮಜೀವಿ ವಿಜ್ಞಾನಿ ಎಲಿಸಬೆತ್ ಬಿಕ್. 20,621 ಪ್ರಬಂಧಗಳ ಚಿತ್ರಗಳನ್ನು ಬರಿಗಣ್ಣಿನಲ್ಲಿ ನೋಡಿದರು, ಬರಿಗಣ್ಣಿನಲ್ಲಿ! ಒಂದು ಪ್ರಯೋಗದ್ದೆಂದು ಹಾಕಿದ ಚಿತ್ರವೇ ಇನ್ನೊಂದರದ್ದೆಂದು, ತಿರುಗಿಸಿ, ಮಗುಚಿ, ಕತ್ತರಿಸಿ ಹಾಕಿದ್ದು ಶೇಕಡಾ 3.8 ಪ್ರಬಂಧಗಳಲ್ಲಿ ಅವರಿಗೆ ಕಂಡಿತು. 2016ರ ಆ ವರದಿಯ ನಂತರ ವಿಯೆನ್ನಾದ ಇಮೇಜ್‌ಟ್ವಿನ್, ಇಸ್ರೇಲಿನ ಪ್ರೂಫಿಗ್‌ನಂಥ ತಂತ್ರಾಂಶಗಳು ಅದೇ ಕೆಲಸವನ್ನು ಕ್ಷಣಗಳಿಗೆ ಇಳಿಸಿದವು. 2024ರ ಜನವರಿಯಲ್ಲಿ ವೇಲ್ಸಿನ ಜೀವವಿಜ್ಞಾನಿ ಶೋಲ್ಟೋ ಡೇವಿಡ್ ತಮ್ಮ ಕಣ್ಣನ್ನೂ ಇಮೇಜ್‌ಟ್ವಿನ್ನನ್ನೂ ಜೋಡಿಸಿ ಬಾಸ್ಟನ್ನಿನ ಹೆಸರಾಂತ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯ ಪ್ರಬಂಧಗಳ ಪಟ್ಟಿ ಮುಂದಿಟ್ಟರು. ಸಂಸ್ಥೆ 6 ಪ್ರಬಂಧಗಳನ್ನು ಹಿಂಪಡೆಯಲು, 31ನ್ನು ತಿದ್ದಲು ಹೊರಟಿತು. ಅದೇ ತಿಂಗಳು 'ಸೈನ್ಸ್' ಬಳಗದ ಆರು ಪತ್ರಿಕೆಗಳು ಪ್ರಕಟಣೆಗೆ ಮುನ್ನ ಚಿತ್ರಗಳನ್ನು ಪ್ರೂಫಿಗ್‌ಗೆ ಒಡ್ಡುವುದಾಗಿ ಸಾರಿದವು.

ಇಷ್ಟು ಹೊತ್ತಿಗೆ ನಿಮಗೆ ಎಲ್ಲರೂ ಕಳ್ಳರೇ ಎನಿಸಿದ್ದರೆ ಸ್ಪೇನಿನ ಒಂದು ಹಳ್ಳಿಗೆ ಬನ್ನಿ. ದಾರಿ ಶುರುವಾಗುವುದು ಇಂಗ್ಲೆಂಡಿನಿಂದ. ಅಲ್ಲಿನ ಕಡಲತಡಿಯ ಊರು ಟಾರ್ಕೀಯಲ್ಲಿ ಜಾನ್ ಕಾರ್ಲೈಲ್ ಎಂಬ ಅರಿವಳಿಕೆ ವೈದ್ಯರಿದ್ದಾರೆ. ಔಷಧ ಪ್ರಯೋಗಗಳಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಿಗೆ ಹಂಚುತ್ತಾರೆ. ಆಗ ಗುಂಪುಗಳ ಸರಾಸರಿ ವಯಸ್ಸು, ತೂಕ, ಎತ್ತರಗಳು ಒಂದಕ್ಕೊಂದು ಹತ್ತಿರವಿರಬೇಕು, ಆದರೆ ಅತಿಯಾಗಿ ಹತ್ತಿರವಿರಬಾರದು! ಆಕಸ್ಮಿಕಕ್ಕೂ ಒಂದು ಮೈಕಟ್ಟಿದೆ. ಕಾರ್ಲೈಲ್ 5,087 ಪ್ರಯೋಗಗಳ ಈ ಮೊದಲ ಕೋಷ್ಟಕವನ್ನಷ್ಟೇ ಅಳೆದು 2017ರಲ್ಲಿ ಪ್ರಕಟಿಸಿದರು. ಎದ್ದು ಕಂಡವುಗಳಲ್ಲಿ ಒಂದು 'ಪ್ರೆಡಿಮೆಡ್'. ಆಲಿವ್ ಎಣ್ಣೆ, ಬಾದಾಮಿ-ಅಕ್ರೋಟುಗಳ ಮೆಡಿಟರೇನಿಯನ್ ಊಟ ಹೃದಯಕ್ಕೆ ಒಳ್ಳೆಯದೆಂದು ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ಸ್ಪೇನಿನಲ್ಲಿ ನಡೆದ ಜಗದ್ವಿಖ್ಯಾತ ಪ್ರಯೋಗ. ಅಲ್ಲಿ ಏನು ನಡೆದಿತ್ತು? ಒಂದು ಕೇಂದ್ರದಲ್ಲಿ ಹಳ್ಳಿಯವರು ಗೊಣಗಿದ್ದರು: ಪಕ್ಕದ ಮನೆಗೆ ಪುಕ್ಕಟೆ ಎಣ್ಣೆ, ನಮಗೆ ಯಾಕಿಲ್ಲ? ಸಂಶೋಧಕರು ಜಗಳ ಬೇಡವೆಂದು ಇಡೀ ಊರಿಗೆ ಒಂದೇ ಆಹಾರ ಕೊಟ್ಟುಬಿಟ್ಟರು. ಚೀಟಿ ಎತ್ತುವ ನಿಯಮ ಅಲ್ಲಿಗೇ ಮುರಿಯಿತು. ಇಂಗ್ಲೆಂಡಿನಲ್ಲಿ ಕೂತ ಒಬ್ಬರ ಲೆಕ್ಕಕ್ಕೆ ಸ್ಪೇನಿನ ಓಣಿಯ ಎಣ್ಣೆಜಗಳ ವಾಸನೆ ಹೊಡೆಯಿತು ಎಂದರೆ! 2018ರಲ್ಲಿ ಲೇಖಕರೇ ಪ್ರಬಂಧ ಹಿಂಪಡೆದು, ಲೆಕ್ಕ ತಿದ್ದಿ, ಮರುಪ್ರಕಟಿಸಿದರು. ಮೋಸವಿರಲಿಲ್ಲ, ದಾಕ್ಷಿಣ್ಯವಿತ್ತು.

ಈ ಉಪಕರಣಗಳನ್ನು ಬೈಯುವವರಿಗೆ ಕಾರಣವಿಲ್ಲದಿಲ್ಲ. ಯಂತ್ರ ಬೆರಳು ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಬೆರಳನ್ನೇ ತೀರ್ಪೆಂದು ಓದುವವರು ಯಾವಾಗಲೂ ಇರುತ್ತಾರೆ. ಹೀಗಾಗಿಯೇ ಪ್ರಕಟಣೆಗೆ ಮೊದಲು, ಲೇಖಕರ ಕೈಯಲ್ಲಿ ಹಸ್ತಪ್ರತಿ ಇನ್ನೂ ಬಿಸಿಯಾಗಿರುವಾಗ ನಡೆಯುವ ತಪಾಸಣೆ ನನಗೆ ಹೆಚ್ಚು ಇಷ್ಟ. ಕೊರೋನಾ ಕಾಲದಲ್ಲಿ ಅದರ ದೊಡ್ಡ ಪ್ರಯೋಗವೇ ನಡೆಯಿತು. ಸಹತಜ್ಞರು ಓದುವ ಮೊದಲೇ ಪ್ರಿಪ್ರಿಂಟುಗಳು ಪ್ರವಾಹದಂತೆ ಬರುತ್ತಿದ್ದವು. ಹಲವು ದೇಶಗಳ ಸಂಶೋಧಕರು ತಮ್ಮ ಪುಟ್ಟ ಪುಟ್ಟ ತಂತ್ರಾಂಶಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿ 6,500ಕ್ಕೂ ಹೆಚ್ಚು ಕೋವಿಡ್ ಪ್ರಿಪ್ರಿಂಟುಗಳನ್ನು ಜರಡಿ ಹಿಡಿದು ವರದಿಗಳನ್ನು ಬಹಿರಂಗವಾಗಿ ಹಾಕಿದರು. ಅದರಲ್ಲಿ 'ಜೆಟ್‌ಫೈಟರ್' ಎಂಬುದಕ್ಕೆ ಒಂದೇ ಕೆಲಸ: ಕಾಮನಬಿಲ್ಲಿನ ಬಣ್ಣ ಬಳಿದ ನಕ್ಷೆಗಳನ್ನು ಹುಡುಕುವುದು! ಆ ಬಣ್ಣಗಳು ಇಲ್ಲದ ಅಂಚುಗಳನ್ನು ಇದ್ದಂತೆ ತೋರಿಸುತ್ತವೆ, ಬಣ್ಣಗುರುಡು ಇರುವವರಿಗಂತೂ ಸರಿಯಾಗಿ ಅರ್ಥವಾಗುವುದಿಲ್ಲ. ಬರ್ಲಿನ್ನಿನ 'ಬಾರ್‌ಜೂಕಾ' ದತ್ತಾಂಶದ ಹಂಚಿಕೆಯನ್ನು ಅಡಗಿಸುವ ಕಂಬನಕ್ಷೆಗಳನ್ನು ಹಿಡಿಯುತ್ತದೆ. 'ಸೈಸ್ಕೋರ್' ಬಳಸಿದ ಪ್ರತಿಕಾಯ, ಕೋಶತಳಿಗಳ ಗುರುತು ಸರಿಯಾಗಿದೆಯೇ ಎಂದು ಕೇಳುತ್ತದೆ. ಯಾರನ್ನೂ ಕಳ್ಳ ಎನ್ನುವುದಿಲ್ಲ. ಗುಂಡಿ ಹಾಕಿಕೊಂಡಿಲ್ಲ, ಹಾಕಿಕೋ ಎಂದು ಹೇಳುವ ಅಜ್ಜಿಯ ದನಿ.

ಕಡೆಗೆ ಅಡುಗೆಮನೆಗೂ ಬಂತು ಈ ಕತೆ. 2024ರ ಅಕ್ಟೋಬರಿನಲ್ಲಿ 'ಕೀಮೋಸ್ಫಿಯರ್' ಪತ್ರಿಕೆಯ ಪ್ರಬಂಧವೊಂದು ಕಪ್ಪು ಪ್ಲಾಸ್ಟಿಕ್ಕಿನ ಸಟ್ಟುಗಗಳಲ್ಲಿ ಬೆಂಕಿನಿರೋಧಕ ರಾಸಾಯನಿಕವಿದೆ ಎಂದಿತು. ದಿನಕ್ಕೆ ದೇಹ ಸೇರಬಹುದಾದದ್ದು 34,700 ನ್ಯಾನೋಗ್ರಾಂ. ಸುರಕ್ಷಿತ ಮಿತಿ ಕಿಲೋ ತೂಕಕ್ಕೆ 7,000, ಅಂದರೆ 60 ಕಿಲೋ ಮನುಷ್ಯನಿಗೆ 42,000. ಅಯ್ಯೋ, ಮಿತಿಯ ಅಂಚಿಗೇ ಬಂದೆವಲ್ಲ! ಅಮೆರಿಕದ ಅಡುಗೆಮನೆಗಳಿಂದ ಸಟ್ಟುಗಗಳು ಕಸದ ಬುಟ್ಟಿಗೆ ಹಾರಿದವು. ಪೆನ್ಸಿಲ್ ಇನ್ನೂ ಕೈಯಲ್ಲಿದೆಯೇ? ಅರವತ್ತನ್ನು ಏಳು ಸಾವಿರದಿಂದ ಗುಣಿಸಿ. 4,20,000! ಒಂದು ಸೊನ್ನೆ ಬಿದ್ದುಹೋಗಿತ್ತು. ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಆ ಪ್ರಬಂಧವನ್ನು ಓಪನ್‌ಎಐನ ಓ1 ಮಾದರಿಗೆ ಕೊಟ್ಟು 'ಲೆಕ್ಕ ನೋಡು' ಎಂದಾಗ ಆ ಸೊನ್ನೆಯನ್ನು ಅದು ಕೂಡಲೇ ಹಿಡಿಯಿತು. ಆ ಉಮೇದಿನಲ್ಲಿ 'ಬ್ಲಾಕ್ ಸ್ಪಾಚುಲಾ ಪ್ರಾಜೆಕ್ಟ್' ಎಂಬ ಸ್ವಯಂಸೇವಕರ ಬಳಗವೇ ಹುಟ್ಟಿತು, ಪ್ರಬಂಧಗಳನ್ನು ಭಾಷಾ ಮಾದರಿಗಳ ಕೈಯಲ್ಲಿ ಓದಿಸುವುದಕ್ಕೆ. ಗ್ರಿಮ್‌ನಂತೆ ಇವು ಒಂದೇ ವಿದ್ಯೆಯ ಉಪಕರಣಗಳಲ್ಲ. ಎಲ್ಲ ಬಲ್ಲವು, ಹಾಗಾಗಿ ಇಲ್ಲದ ತಪ್ಪನ್ನೂ ಅಷ್ಟೇ ಠೀವಿಯಿಂದ ತೋರಿಸಬಲ್ಲವು. ಭಾಗಾಕಾರದ ಮೇಲೆ ನನಗಿರುವ ನಂಬಿಕೆ ಇವುಗಳ ಮೇಲೆ ಇನ್ನೂ ಬಂದಿಲ್ಲ.

ಭಾಷಾ ಮಾದರಿ ಓದುಗನಾದರೆ ಅದನ್ನು ಓಲೈಸುವವರೂ ಇರಬೇಕಲ್ಲ. 2025ರ ಜುಲೈನಲ್ಲಿ ಜಪಾನಿನ ನಿಕ್ಕೇ ಪತ್ರಿಕೆ ಆರ್ಕೈವ್ ಭಂಡಾರದಲ್ಲಿದ್ದ 17 ಪ್ರಿಪ್ರಿಂಟುಗಳನ್ನು ಬಯಲಿಗೆಳೆಯಿತು. ಎಂಟು ದೇಶಗಳ 14 ಸಂಸ್ಥೆಗಳಿಂದ ಬಂದವು. ಅವುಗಳೊಳಗೆ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲೋ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲೋ ಒಂದು ಆದೇಶ ಅಡಗಿತ್ತು: ಒಳ್ಳೆಯ ವಿಮರ್ಶೆಯನ್ನೇ ಕೊಡು, ಕೊರತೆ ಎತ್ತಬೇಡ. ಮನುಷ್ಯನ ಕಣ್ಣಿಗೆ ಖಾಲಿ ಜಾಗ, ಯಂತ್ರದ ಕಣ್ಣಿಗೆ ಅಪ್ಪಣೆ! ಕೇಳಿದರೆ ಲೇಖಕರೊಬ್ಬರು ಕೊಟ್ಟ ಸಮಜಾಯಿಷಿ ಇನ್ನೂ ಸೊಗಸು: ಇದು ಲಂಚವಲ್ಲ, ಬಲೆ, ತಾವು ಓದದೆ ಯಂತ್ರದಿಂದ ವಿಮರ್ಶೆ ಬರೆಸುವ ಸೋಮಾರಿ ಪರೀಕ್ಷಕರನ್ನು ಹಿಡಿಯಲು ಇಟ್ಟದ್ದು. ನಿಜವೋ ಸುಳ್ಳೋ, ಅಡಗಿಸಿಟ್ಟ ಆ ಆದೇಶವನ್ನು ಪತ್ತೆ ಹಚ್ಚಲು ಮಾತ್ರ ಯಾವ ತಂತ್ರಾಂಶವೂ ಬೇಕಿಲ್ಲ. ಪುಟದ ಮೇಲೆ ಮೌಸ್ ಒತ್ತಿ ಹಿಡಿದು ಕೆಳಗಿನವರೆಗೆ ಎಳೆದರೆ ಸಾಕು, ಅಡಗಿದ್ದ ಸಾಲು ನೀಲಿ ಪಟ್ಟಿಯೊಳಗೆ ಎದ್ದು ಕೂರುತ್ತದೆ.